ಸೇನಾಪತಿಗೆ ಊಟ ಹಾಕಿದವಳು

ಕಥೆ ಹೇಳುವವರಿಗೆ ಊರೆಲ್ಲ ಹೆಸರು. ಎದುರಿಗೆ ಕೂತು ಹೂಂ ಅನ್ನುವವನಿಗೆ ಯಾರೂ ಒಂದು ಲೋಟ ಕಾಫಿ ಕೊಟ್ಟದ್ದನ್ನು ನಾನು ಕಂಡಿಲ್ಲ. ನಾನು ಹೂಂ ಅನ್ನುವವನು. ಹೆಸರು ಈರೇಶ, ಊರು ಸಿಂಧನೂರು ಕಡೆ. ಇಪ್ಪತ್ತನೇ ವಯಸ್ಸಿಗೆ ಬೆಂಗಳೂರಿನ ವಿಮಾನಪುರದ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಬಂದವನು ಇಲ್ಲೇ ಮುದುಕನಾದೆ. ಈಗ ಹೇಳಹೊರಟಿರುವುದು ಮುನಿಆಂಜನಪ್ಪನವರ ವಿಷಯ. ಅವರು ಕಥೆ ಹೇಳುವವರು.

ಮುನಿಆಂಜನಪ್ಪ ಬಿನ್ನಮಂಗಲದವರು. ಇಂದಿರಾನಗರ ಹುಟ್ಟುವುದಕ್ಕೆ ಮೊದಲೇ ಇದ್ದ ಹಳ್ಳಿ ಅದು. ಅವರ ಮನೆಯವರು ರಾಗಿ, ಸೊಪ್ಪು ಬೆಳೆಯುತ್ತಿದ್ದರು. ಬಡಾವಣೆಗೆ ಹೊಲ ಹೋಯಿತು, ಊರೊಳಗಿನ ಮನೆ ಉಳಿಯಿತು. ಆ ಮನೆ ಈಗ ನಾಲ್ಕು ಅಂತಸ್ತಾಗಿದೆ. ಎರಡನೇ ಅಂತಸ್ತಿನಲ್ಲಿ ನಾನು ಬಾಡಿಗೆಗಿದ್ದೇನೆ. ವಯಸ್ಸು ಎಪ್ಪತ್ತೈದಾದರೂ ಬೆಳಿಗ್ಗೆ ಆರಕ್ಕೆ ಕಾರ್ಖಾನೆ ಕೊಟ್ಟ ನೀಲಿ ಸ್ವೆಟರು ಹಾಕಿಕೊಂಡು, ಯಾರ ಮನೆಯ ನಲ್ಲಿ ಸೋರುತ್ತಿದೆ ಎಂದು ಮಹಡಿ ಮಹಡಿ ಹತ್ತಿ ನೋಡುತ್ತಾರೆ. ಕೋಪ ಮೂಗಿನ ತುದಿಯಲ್ಲೇ. ಆದರೆ ಕಥೆಗೆ ಕೂತರೆಂದರೆ ನಲ್ಲಿ ಸೋರುವುದೂ ನೆನಪಿರುವುದಿಲ್ಲ.

ಎಂಬತ್ತರ ಸುಮಾರಿನ ಮಾತು. ಶಿವಾಜಿನಗರದಿಂದ ಹೊರಟ ಕಾರ್ಖಾನೆಯ ಬಸ್ಸು ಹಲಸೂರು, ಬಿನ್ನಮಂಗಲ, ದೊಮ್ಮಲೂರು, ಮುರುಗೇಶಪಾಳ್ಯ ಹಾದು ವಿಮಾನಪುರಕ್ಕೆ ಬರುತ್ತಿತ್ತು. ಅದರಲ್ಲಿ ಹಾಶಿಮ್ ಭಾಯ್ ಬರುತ್ತಿದ್ದರು. ಅವರು ಫಿಟ್ಟರು, ಮನೆಮಾತು ತಮಿಳು. ಅವರ ತಂದೆ ತಮಿಳು ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದಿದ್ದ ದೊಡ್ಡ ಚಾರಿತ್ರಿಕ ಕಾದಂಬರಿಯನ್ನು ವಾರವಾರವೂ ಹರಿದು, ಹೊಲಿಸಿ, ಐದು ಸಂಪುಟ ಮಾಡಿಟ್ಟಿದ್ದರು. ಹಾಶಿಮ್ ಭಾಯ್ ಅದನ್ನು ತಂದು ಮುಂದಿನ ಸೀಟಿನ ತಮಿಳರಿಗೆ ದಿನಕ್ಕಿಷ್ಟು ಓದಿ ಹೇಳುತ್ತಿದ್ದರು. ಮುನಿಆಂಜನಪ್ಪ ಹತ್ತುವವರೆಗೂ ಪುಸ್ತಕ ಬಿಚ್ಚುತ್ತಿರಲಿಲ್ಲ, ಅಷ್ಟು ದೋಸ್ತಿ.

ಮುನಿಆಂಜನಪ್ಪನವರಿಗೆ ತಮಿಳು ಕಿವಿಗೆ ಬರುತ್ತಿತ್ತು, ಬಾಯಿಗೆ ಬರುತ್ತಿತ್ತು, ಕಣ್ಣಿಗೆ ಬರುತ್ತಿರಲಿಲ್ಲ. ಬೆಳಿಗ್ಗೆ ಕೇಳಿದ್ದನ್ನು ಸಂಜೆ ವಾಪಸು ಬರುವಾಗ ಹಿಂದಿನ ಸೀಟಿನ ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. “ಹೂಂ ಅನ್ನೋರಿಲ್ದೆ ನಂಗೆ ಬಾಯೇ ಏಳಲ್ಲ” ಎಂದು ಮೊದಲ ದಿನವೇ ತಕರಾರು ತೆಗೆದರು. ಎಲ್ಲರಿಗಿಂತ ಚಿಕ್ಕವನು ನಾನು, ಆ ಕೆಲಸ ನನ್ನ ತಲೆಗೆ ಕಟ್ಟಿದರು. ನಾಲ್ಕು ವರ್ಷದಲ್ಲಿ ಐದು ಸಂಪುಟ ಮುಗಿಯಿತು.

ಆ ಕಾದಂಬರಿಯ ಹೆಸರು ನಾನು ಹೇಳುವಂತಿಲ್ಲ. ಸಿನಿಮಾದವರು ಒಂದು ಕಾಗದಕ್ಕೆ ನನ್ನಿಂದಲೂ ಸಹಿ ಹಾಕಿಸಿಕೊಂಡಿದ್ದಾರೆ. ಹೂಂ ಅನ್ನುವವನ ಸಹಿ ಯಾರಿಗಾದರೂ ಬೇಕಾದದ್ದು ಅದೇ ಮೊದಲು.

ಸಿನಿಮಾ ಬಂದದ್ದು ಹೀಗೆ. ಮುನಿಆಂಜನಪ್ಪನವರ ಮಗನ ಮಗಳು ಶ್ವೇತ ಚಿತ್ರಕಥೆ ಬರೆಯುತ್ತಾಳೆ. ಬರೆಯುತ್ತಾಳೆ ಅಂದರೆ, ಬರೆದದ್ದೆಲ್ಲ ಬೇರೆಯವರ ಹೆಸರಿನಲ್ಲಿ ಬರುತ್ತಿತ್ತು. ಹೋದ ವರ್ಷ ಇಂದಿರಾನಗರದ ಒಂದು ಕಂಪನಿ ಅದೇ ತಮಿಳು ಕಾದಂಬರಿಯನ್ನು ಕನ್ನಡ, ತಮಿಳು ಎರಡರಲ್ಲೂ ಸಿನಿಮಾ ಮಾಡಲು ಹೊರಟು, ಅವಳನ್ನು ಹೆಸರು ಹಾಕುವ ಕರಾರಿನ ಮೇಲೆ ಸೇರಿಸಿಕೊಂಡಿತು. ನಿರ್ದೇಶಕ ಸುಗತ ಅನ್ನುವ ಹುಡುಗ. ಎರಡು ಸಾವಿರದ ನಾನೂರು ಪುಟದ ಕಥೆಯನ್ನು ಎರಡೂಮುಕ್ಕಾಲು ಗಂಟೆಗೆ ಇಳಿಸಬೇಕು. ಗೋಡೆ ತುಂಬ ಹಳದಿ ಚೀಟಿ ಅಂಟಿಸಿ ಮೂರು ತಿಂಗಳು ತಲೆ ಮೇಲೆ ಕೈ ಹೊತ್ತು ಕೂತಿದ್ದರಂತೆ. ಯಾವ ಚೀಟಿ ಕಿತ್ತರೂ ಇನ್ನೊಂದು ಬೀಳುತ್ತದೆ.

“ತಾತಂಗೆ ಇಡೀ ಕಥೆ ಗೊತ್ತು” ಎಂದು ಶ್ವೇತ ಬಾಯಿ ತಪ್ಪಿ ಹೇಳಿದ್ದಾಳೆ. ಸುಗತ ಕುರ್ಚಿಯಿಂದ ಎದ್ದೇಬಿಟ್ಟನಂತೆ. “ನಲವತ್ತು ವರ್ಷ ಆದ್ಮೇಲೂ ತಲೇಲಿ ಏನು ಉಳಿದಿದ್ಯೋ ಅದೇ ಸಿನಿಮಾ. ಕರ್ಕೊಂಡ್ ಬಾ.”

ಮುನಿಆಂಜನಪ್ಪ ಕರಾರು ಹಾಕಿದರು. “ಈರೇಶ ಬಂದ್ರೆ ಬರ್ತೀನಿ.”

ಆರು ದಿನ ಹೋದೆವು. ಗಾಜಿನ ಬಾಗಿಲು, ಎಸಿ, ಕಾಲು ನೆಲಕ್ಕೆ ತಾಗದಂಥ ಎತ್ತರದ ಸ್ಟೂಲು. ಮುನಿಆಂಜನಪ್ಪ ಸ್ಟೂಲು ಒಲ್ಲೆ ಎಂದು ನೆಲಕ್ಕೆ ಕೂತರು. ಕಂಪನಿಯೇ ನೆಲಕ್ಕೆ ಕೂತಿತು. ಅವರು ಹೇಳುತ್ತಿದ್ದರು, ನಾನು ಹೂಂ ಅನ್ನುತ್ತಿದ್ದೆ. ಎರಡನೇ ದಿನ ನೋಡಿದರೆ ಸುಗತ ಕಥೆ ಬರೆದುಕೊಳ್ಳುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದಾನೆ. ನನಗೆ ಮುಜುಗರವಾಯಿತು.

“ಅಂಕಲ್, ಮಂತ್ರಾಲೋಚನೆ ಸೀನಲ್ಲಿ ನಿಮ್ ಹೂಂ ಸಣ್ಣದಾಯ್ತು” ಎಂದ.

“ಆ ಭಾಗಕ್ಕೆ ಬಸ್ಸಲ್ಲಿ ಎಲ್ರೂ ನಿದ್ದೆ ಮಾಡ್ತಿದ್ರು ಕಣಪ್ಪ” ಅಂದರು ಮುನಿಆಂಜನಪ್ಪ. “ದೊಮ್ಮಲೂರು ದಾಟೋವರ್ಗೂ ಗೊರಕೆ. ನಾನೂ ಬೇಗ ಬೇಗ ಮುಗಿಸ್ತಿದ್ದೆ.”

ಸುಗತ ಎದ್ದು ಹೋಗಿ ಗೋಡೆಯಿಂದ ಒಂಬತ್ತು ಚೀಟಿ ಕಿತ್ತುಹಾಕಿದ. ಬೇರೆ ಒಂದೂ ಬೀಳಲಿಲ್ಲ. ಅವತ್ತಿನಿಂದ ನನ್ನ ಹೂಂ ಸಣ್ಣದಾದ ಕಡೆ ಕತ್ತರಿ, ದೊಡ್ಡದಾದ ಕಡೆ ಗುರುತು. ಒಂದು ಸಲ ನನ್ನ ಬಾಯಲ್ಲಿ ತಂಬಾಕು ಇದ್ದು ಹೂಂ ಹೊರಡದೆ ಒಬ್ಬ ಮಾಂಡಲಿಕ ರಾಜ ಕಥೆಯಿಂದಲೇ ಹೋದ. ನಾನು ಬಾಯಿ ಬಿಟ್ಟು ಹೇಳಲಿಲ್ಲ. ಅವನೇನೂ ಒಳ್ಳೆಯವನಲ್ಲ.

ನನ್ನ ಹೂಂ ಎಲ್ಲಕ್ಕಿಂತ ದೊಡ್ಡದಾಗಿ ಬಂದದ್ದು ಸೊಪ್ಪಿನ ಅಜ್ಜಿಯ ಭಾಗಕ್ಕೆ. ಅದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕಾವೇರಿ ದಂಡೆಯ ದೊಡ್ಡ ಯುದ್ಧದಲ್ಲಿ ಸೇನಾಪತಿ ಸೋಲುತ್ತಾನೆ. ಕತ್ತಿ ಬಿಸಾಡಿ, ಅನ್ನ ನೀರು ಬಿಟ್ಟು, ಒಬ್ಬನೇ ನಡೆದು ಒಂದು ಕೆರೆ ಏರಿಗೆ ಬರುತ್ತಾನೆ. ಅಲ್ಲೊಬ್ಬಳು ಅಜ್ಜಿ ಸೊಪ್ಪು ಬಿಡಿಸುತ್ತ ಕೂತಿದ್ದಾಳೆ. ತಲೆ ಎತ್ತದೆಯೇ “ಕಾಲು ತೊಳ್ಕೊಂಡ್ ಬಾ, ಊಟ ಮಾಡು” ಅನ್ನುತ್ತಾಳೆ.

“ನಾನು ಊಟ ಬಿಟ್ಟಿದ್ದೀನಿ. ಸೋತಿದ್ದೀನಿ.”

“ಸೋತಿದ್ದು ನೀನು. ಹೊಟ್ಟೆ ಏನ್ ಮಾಡ್ತು?”

“ನನ್ನಿಂದ ಸಾವಿರಾರು ಜನ ಸತ್ರು.”

ಅಜ್ಜಿ ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟು, “ಹಂಗಾದ್ರೆ ಅವರ ಮನೆಮನೆಗೂ ಹೋಗಿ ಹೇಳ್ಬೇಕಲ್ಲ. ಖಾಲಿ ಹೊಟ್ಟೇಲಿ ಎಷ್ಟು ಮನೆ ನಡೀತೀಯ? ತಿನ್ನು” ಎಂದು ಮುದ್ದೆ, ಸೊಪ್ಪಿನ ಸಾರು ಮುಂದಿಡುತ್ತಾಳೆ. ಇದನ್ನು ಮುನಿಆಂಜನಪ್ಪ ಬಸ್ಸಿನಲ್ಲಿ ಹತ್ತು ದಿನ ಎಳೆದಿದ್ದರು. ಆ ಹತ್ತು ದಿನ ಒಬ್ಬನೂ ಗೊರಕೆ ಹೊಡೆದಿರಲಿಲ್ಲ.

ಕಂಪನಿಯವರು ಕಣ್ಣೊರೆಸಿಕೊಂಡರು. ಇಂಟರ್ವಲ್ ಆದ ಮೇಲಿನ ಮೊದಲ ದೃಶ್ಯ ಇದೇ ಎಂದು ಸುಗತ ಅಲ್ಲೇ ತೀರ್ಮಾನಿಸಿದ. ಶ್ವೇತ ಅಜ್ಜಿಗಾಗಿ ಇಪ್ಪತ್ತು ಪುಟ ಬರೆದಳು. ಎರಡು ತಿಂಗಳಲ್ಲಿ ಚಿತ್ರಕಥೆ ಸಿದ್ಧವಾಯಿತು. ಇನ್ನು ಕಾದಂಬರಿಕಾರರ ಮಗಳು ಕೇಳಿ ಒಪ್ಪುವುದೊಂದು ಬಾಕಿ. ಆಕೆಗೆ ಎಪ್ಪತ್ತು ದಾಟಿದೆ, ಇರುವುದು ಚೆನ್ನೈಯಲ್ಲಿ, ಹಕ್ಕು ಅವರ ಕೈಯಲ್ಲಿದೆ. ಬಹಳ ಕಟ್ಟುನಿಟ್ಟು. ಹಿಂದೆ ಇನ್ಯಾರೋ ಒಂದು ಹಾಡಿಗಾಗಿ ಇಲ್ಲದ ನರ್ತಕಿಯನ್ನು ತುರುಕಿದರೆಂದು ಕರಾರನ್ನೇ ಹರಿದವರು. ಅವರು ಬರುವುದು ಶುಕ್ರವಾರ ಎಂದಾಯಿತು.

ಬುಧವಾರ ತಕರಾರು ಎದ್ದಿತು. ತೆಗೆದವರು ಇತಿಹಾಸದ ಸಲಹೆಗೆಂದು ಇಟ್ಟುಕೊಂಡಿದ್ದ ಮೇಷ್ಟ್ರು. “ಕಾವೇರಿ ಬಯಲು ಭತ್ತದ ನಾಡು ಕಣ್ರೀ. ಅಲ್ಲಿ ಅಜ್ಜಿ ರಾಗಿ ಮುದ್ದೆ ಯಾಕೆ ಕಟ್ತಾಳೆ? ಮೂಲದಲ್ಲಿ ಏನಿದೆ ನೋಡಿ.”

ಮೂಲ ನೋಡಲು ಇದ್ದ ಹತ್ತಿರದ ದಾರಿ ಹಾಶಿಮ್ ಭಾಯ್. ಶ್ವೇತ ಆಟೋ ಮಾಡಿಕೊಂಡು ಹೋಗಿ, ಸಂಪುಟಗಳ ಸಮೇತ ಅವರನ್ನು ಕರೆತಂದಳು. ಅವರು ಕನ್ನಡಕ ಏರಿಸಿ ಮೂರನೆಯದರ ಕೊನೆ ನೋಡಿದರು, ನಾಲ್ಕನೆಯದರ ಮೊದಲು ನೋಡಿದರು.

“ಸೇನಾಪತಿ ಊಟ ಬಿಟ್ಟ, ನಾಲ್ಕು ಪೇಜು ಇದೆ. ಆಮೇಲೆ ಕುದುರೆ ಹತ್ತಿ ಹೊರಟ. ಅಜ್ಜಿ ಎಲ್ಲಿ? ಮುನಿ, ಅಜ್ಜಿ ಯಾರು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡು ನೋಡಿದನಂತೆ. ಮುನಿಆಂಜನಪ್ಪ ಸ್ವೆಟರಿನ ಗುಂಡಿ ಹಾಕಿಕೊಂಡರು. ಹಾಕಿದ್ದ ಗುಂಡಿಯನ್ನೇ ಬಿಚ್ಚಿ ಹಾಕಿಕೊಂಡರು. “ತಲೆ ನೋಯ್ತಿದೆ, ನಾಳೆ ಹೇಳ್ತೀನಿ” ಎಂದು ಎದ್ದು ಹೊರಟರು.

ನಾನೂ ಹಾಶಿಮ್ ಭಾಯೂ ಹಿಂದೆಯೇ ಹೋಗಿ, ಮೂಲೆಯ ದರ್ಶಿನಿಯಲ್ಲಿ ಅವರನ್ನು ನಿಲ್ಲಿಸಿ ಕಾಫಿ ಕೊಡಿಸಿದೆವು. ಲೋಟ ಮುಟ್ಟಲಿಲ್ಲ.

“ನೀನು ತಂಗಿ ಮದುವೆಗೆ ಅಂತ ಆಂಬೂರಿಗೆ ಹೋಗಿದ್ದೆ, ಹತ್ತು ದಿನ ರಜ” ಎಂದರು ಹಾಶಿಮ್ ಭಾಯಿಗೆ. “ಪುಸ್ತಕ ನಿನ್ ಹತ್ರ. ಹಿಂದಿನ ಸೀಟಿನ ಇವರು ಬಿಡ್ತಾರಾ? ಹತ್ತಿದ ತಕ್ಷಣ ಆಮೇಲೆ ಆಮೇಲೆ ಅಂತ ಕೂತ್ರು. ನಮ್ಮವ್ವ ಹೋಗಿ ಹದಿನೈದು ದಿನ ಆಗಿತ್ತು. ತಿಥಿ ಮುಗಿಸ್ಕೊಂಡು ಅವತ್ತೇ ಡ್ಯೂಟಿಗೆ ಬಂದಿದ್ದೆ. ಬಾಯಿ ತೆಗೆದ್ರೆ ಅವಳೇ ಬಂದ್ಲು. ನಾನೇನ್ ಮಾಡ್ಲಿ.”

ಅವರ ತಾಯಿ ಚಿಕ್ಕಮುನಿಯಮ್ಮ. ಬಿನ್ನಮಂಗಲದಿಂದ ಸೊಪ್ಪಿನ ಬುಟ್ಟಿ ಹೊತ್ತು ಹಲಸೂರು ಮಾರ್ಕೆಟ್ಟಿಗೆ ನಡೆದು ಹೋಗಿ ಮಾರುತ್ತಿದ್ದವಳು. ನಾನು ಅವರ ಮನೆಗೆ ಬಾಡಿಗೆಗೆ ಬರುವ ಹೊತ್ತಿಗೆ ಆಕೆ ಇರಲಿಲ್ಲ. ಹಾಗಾಗಿ ಗುರುತು ಸಿಕ್ಕಿರಲಿಲ್ಲ. ಮಗ ಪರೀಕ್ಷೆ ಫೇಲಾಗಿ ಊಟ ಬಿಟ್ಟು ಕೂತಾಗ, “ಫೇಲಾಗಿದ್ದು ನೀನು, ಹೊಟ್ಟೆ ಏನ್ಲಾ ಮಾಡ್ತು” ಎಂದು ಬೈದು ಉಣ್ಣಿಸಿದ್ದಳಂತೆ. ಅದನ್ನೇ ಸೇನಾಪತಿಗೆ ಹೇಳಿಸಿದ್ದರು.

ನನಗೆ ಮೊದಲು ಬಂದದ್ದು ಸಿಟ್ಟು. ಆ ಮಾತನ್ನು ನಾನು ಎಲ್ಲೆಲ್ಲಿ ಬಳಸಿಲ್ಲ! ಯೂನಿಯನ್ ಚುನಾವಣೆ ಸೋತವರಿಗೆ ಹೇಳಿದ್ದೇನೆ. ಮದುವೆ ಮುರಿದು ಬಿದ್ದಾಗ ನನ್ನ ಮಗಳಿಗೆ ಹೇಳಿದ್ದೇನೆ. ಪ್ರತಿ ಸಲವೂ “ತಮಿಳಿನ ಒಂದು ಮಹಾಕಾದಂಬರೀಲಿ ಬರುತ್ತೆ” ಎಂದು ಸೇರಿಸಿದ್ದೇನೆ. “ನಲವತ್ತು ವರ್ಷ ಸುಳ್ಳಿಗೆ ಹೂಂ ಅನ್ಸಿದ್ರಲ್ಲಣ್ಣ” ಎಂದು ಕೂಗಾಡಿದೆ. ಅವರು ತಿರುಗಿ ಬೈಯಲಿಲ್ಲ. ಅದನ್ನು ನೋಡಿ ನನ್ನ ಸಿಟ್ಟು ಇಳಿದುಹೋಯಿತು.

ಮರುದಿನ ಬೆಳಿಗ್ಗೆ ಮುನಿಆಂಜನಪ್ಪ ಕಂಪನಿಯಲ್ಲಿ ಎಲ್ಲರ ಮುಂದೆ ಒಪ್ಪಿಕೊಂಡರು. ಸುಗತ ಬಿಳಿಚಿಕೊಂಡ. ಒಬ್ಬ ನರ್ತಕಿಗಾಗಿ ಕರಾರು ಹರಿದವರು ಇಪ್ಪತ್ತು ಪುಟದ ಅಜ್ಜಿಯನ್ನು ಬಿಡುತ್ತಾರೆಯೇ? ಸಿನಿಮಾ ನಿಂತರೆ ಶ್ವೇತಳ ಹೆಸರೂ ಹೋಯಿತು. “ಸಾರಿ ತಾತ, ಅಜ್ಜೀನ ತೆಗೀಬೇಕು. ಒಂದು ದಿನ ಇದೆ, ತೆಗೆದ್ಬಿಡೋಣ” ಎಂದ.

ಶ್ವೇತಳ ಕಣ್ಣು ತುಂಬಿತ್ತು.

ಮುನಿಆಂಜನಪ್ಪ ಕಡ್ಡಿ ಮುರಿದ ಹಾಗೆ ಹೇಳಿದರು. “ನೋಡಪ್ಪ, ನಮ್ಮವ್ವನ್ನ ಒಂದ್ಸಲ ಮಣ್ಣು ಮಾಡಿದ್ದೀನಿ. ಇನ್ನೊಂದ್ಸಲ ಆಗಲ್ಲ. ಆಯಮ್ಮನ ಮುಂದೆ ನಾನೇ ಹೇಳ್ತೀನಿ, ಇದು ನಿಮ್ಮಪ್ಪಂದಲ್ಲ, ನಂದು ಅಂತ. ಬೇಡ ಅಂದ್ರೆ ಆವಾಗ ತೆಗಿ. ನನ್ ಮೊಮ್ಮಗಳ ತಪ್ಪೇನಿಲ್ಲ ಅಂತಾನೂ ಹೇಳ್ತೀನಿ.”

ಸುಗತ ಒಪ್ಪಿದ. ಹುಡುಗ ಒಳ್ಳೆಯವನು, ಇಲ್ಲದಿದ್ದರೆ ಮುದುಕರ ಮಾತಿಗೆ ಯಾರು ಒಂದು ಸಿನಿಮಾ ಪಣಕ್ಕಿಡುತ್ತಾರೆ?

ಶುಕ್ರವಾರ ಹನ್ನೊಂದು ಗಂಟೆಗೆ ಆಕೆ ಬಂದರು. ಹತ್ತಿ ಸೀರೆ, ಕೈಯಲ್ಲಿ ಒಂದು ಪೆನ್ಸಿಲು. ಶ್ವೇತ ಇಂಗ್ಲಿಷಿನಲ್ಲಿ ಓದಿದಳು. ಇಂಟರ್ವಲ್ ಬರುವವರೆಗೂ ಆಕೆ ಎರಡೇ ಕಡೆ ಗುರುತು ಹಾಕಿದರು. ಅಜ್ಜಿ ಬಾಯಿ ಬಿಟ್ಟ ಕೂಡಲೇ ಕೈ ಎತ್ತಿ ಓದು ನಿಲ್ಲಿಸಿದರು. “ಇವಳು ಯಾರು?”

ಮುನಿಆಂಜನಪ್ಪ ಎದ್ದು ನಿಂತರು. ಅವರ ಬಸ್ಸಿನ ತಮಿಳಿನಲ್ಲಿ ಎಲ್ಲವನ್ನೂ ಹೇಳಿದರು. ಹಾಶಿಮ್ ಭಾಯಿಯ ರಜ, ಹಿಂದಿನ ಸೀಟು, ಅವ್ವನ ತಿಥಿ, ಒಂದನ್ನೂ ಬಿಡಲಿಲ್ಲ.

“ನನ್ನ ಅಪ್ಪನ ಸೇನಾಪತಿ ಊಟ ಮಾಡುವುದಿಲ್ಲ” ಎಂದರು ಆಕೆ. “ಅದು ಅವನ ವ್ರತ. ಅದನ್ನು ಮುರಿಸಲು ನೀವು ಯಾರು?”

“ನಾನು ಯಾರೂ ಅಲ್ಲಮ್ಮ. ಕಾರ್ಖಾನೇಲಿ ಇದ್ದೋನು” ಎಂದರು ಮುನಿಆಂಜನಪ್ಪ. “ಆದ್ರೆ ಒಂದು ಮಾತು. ಮೂರನೇ ಸಂಪುಟದ ಕೊನೇಲಿ ಅವನು ನೀರೂ ಮುಟ್ಟಲ್ಲ. ನಾಲ್ಕನೇದರ ಶುರೂಲಿ ಹನ್ನೆರಡು ದಿನ ಆಗಿದೆ, ಕುದುರೆ ಹತ್ತಿ ಊರೂರು ಸುತ್ತುತ್ತಿದ್ದಾನೆ. ಹನ್ನೆರಡು ದಿನ ಉಪವಾಸ ಇದ್ದೋನು ಕುದುರೆ ಹತ್ತಕ್ಕಾಗುತ್ತಾ? ಮಧ್ಯೆ ಯಾರೋ ಊಟ ಹಾಕಿದ್ದಾರೆ. ನಿಮ್ಮಪ್ಪ ಹೇಳಿಲ್ಲ, ಅಷ್ಟೆ.”

ಹಾಶಿಮ್ ಭಾಯ್ ಸಂಪುಟ ಬಿಚ್ಚಿ ಎರಡೂ ಪುಟ ತೋರಿಸಿದರು. ಆಕೆ ನೋಡಲಿಲ್ಲ, ಅವರಿಗೆ ಬಾಯಿಪಾಠ. ಪೆನ್ಸಿಲು ಕೆಳಗಿಟ್ಟು, “ಹೇಳಿ, ಕೇಳೋಣ. ತಮಿಳಿನಲ್ಲೇ ಹೇಳಿ” ಎಂದರು.

ಮುನಿಆಂಜನಪ್ಪ ನೆಲಕ್ಕೆ ಕೂತು ಶುರುಮಾಡಿದರು. ನನಗೆ ಹೂಂ ಹೊರಡಲಿಲ್ಲ. ಅವರು ಕಾಯಲೂ ಇಲ್ಲ. ಕೆರೆ ಏರಿ, ಬುಟ್ಟಿ, ಬೈಗುಳ, ಒಂದೊಂದೇ ಬಂತು. “ಖಾಲಿ ಹೊಟ್ಟೇಲಿ ಎಷ್ಟು ಮನೆ ನಡೀತೀಯ” ಅನ್ನುವಲ್ಲಿಗೆ ಬಂದಾಗ ಆಕೆ ಸೆರಗನ್ನು ಬಾಯಿಗೆ ಹಿಡಿದಿದ್ದರು.

ಕಥೆ ಮುಗಿದ ಮೇಲೆ ಆಕೆ ನಿಧಾನವಾಗಿ ಹೇಳಿದರು.

“ಸೇನಾಪತಿ ಊಟ ಬಿಟ್ಟ ಆ ಅಧ್ಯಾಯ ಬರೆದ ವಾರ ನನ್ನ ಅಮ್ಮ ಹೋದಳು. ನನಗೆ ಆರು ವರ್ಷ. ಅಪ್ಪ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದರು. ತಟ್ಟೆ ಬಾಗಿಲ ಹೊರಗೇ ಇರುತ್ತಿತ್ತು. ಮೂರು ದಿನ ನಾನು ಆ ತಟ್ಟೆ ನೋಡುತ್ತ ಕೂತಿದ್ದೆ. ಯಾರಿಗೂ ಅವರನ್ನು ಬೈಯುವ ಧೈರ್ಯ ಇರಲಿಲ್ಲ.”

“ನಮ್ಮವ್ವ ಇದ್ದಿದ್ರೆ ಬಾಗಿಲು ಒಡೆದು ತಿನ್ನಿಸ್ತಿದ್ಲಮ್ಮ” ಎಂದರು ಮುನಿಆಂಜನಪ್ಪ.

ಆಕೆ ಅಳುತ್ತಲೇ ನಕ್ಕುಬಿಟ್ಟರು. “ಇರಲಿ, ಅಜ್ಜಿ ಇರಲಿ” ಎಂದರು. ನಾನು ಸುಳ್ಳು ಹೇಳುವುದಿಲ್ಲ, ಆ ಗಾಜಿನ ಕೋಣೆಯಲ್ಲಿ ನನ್ನಷ್ಟು ಜೋರಾಗಿ ಅತ್ತವರು ಬೇರೆ ಯಾರೂ ಇಲ್ಲ. ಶ್ವೇತ ತಾತನ ಭುಜಕ್ಕೆ ಮುಖ ಒತ್ತಿಕೊಂಡಿದ್ದಳು.

ಆಕೆ ಎರಡು ಷರತ್ತು ಹಾಕಿದರು. ಮೊದಲನೆಯದು, ಮುದ್ದೆ ಬೇಡ, ಅನ್ನ. ಮೇಷ್ಟ್ರ ಮುಖ ಅರಳಿತು. ಮುನಿಆಂಜನಪ್ಪ ಸುಮ್ಮನೆ ಬಿಡುವವರೇ? “ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಅಂತಾರಮ್ಮ, ಅನ್ನ ತಿಂದು ಕುದುರೆ ಹತ್ತಿದ್ರೆ ಅರ್ಧ ದಾರೀಲಿ ಇಳೀತಾನೆ” ಎಂದು ಕಾಲು ಗಂಟೆ ವಾದಿಸಿ, ಕೊನೆಗೆ ಸೊಪ್ಪಿನ ಸಾರು ಉಳಿಸಿಕೊಂಡು ಮುದ್ದೆ ಬಿಟ್ಟುಕೊಟ್ಟರು.

“ಎರಡನೆಯದು,” ಎಂದು ಆಕೆ ಶ್ವೇತಳ ಕಡೆ ತಿರುಗಿದರು. “ನೀನು ಎಲ್ಲ ಕಡೆ ಅಜ್ಜಿ, ಅಜ್ಜಿ ಅಂತ ಬರೆದಿದ್ದೀಯ. ನನ್ನ ಅಪ್ಪ ಕುದುರೆ ಕಾಯುವವನಿಗೂ ಹೆಸರು ಕೊಟ್ಟವರು. ಸೇನಾಪತಿಗೆ ಊಟ ಹಾಕಿದವಳಿಗೆ ಹೆಸರಿಲ್ಲವಾ?”

ಶ್ವೇತ ತಾತನನ್ನು ನೋಡಿದಳು. ಮುನಿಆಂಜನಪ್ಪ ಹೆಸರು ಹೇಳಿದರು, ಆದರೆ ದನಿ ಹೊರಡದೆ ಇನ್ನೊಂದು ಸಲ ಹೇಳಬೇಕಾಯಿತು.

“ಆ ಶತಮಾನದಲ್ಲಿ, ಆ ಭಾಗದಲ್ಲಿ, ಅಂಥ ಹೆಸರು ಇರೋ ಸಾಧ್ಯತೆ...” ಎಂದು ಮೇಷ್ಟ್ರು ಶುರುಮಾಡಿದರು. ಆಕೆ ಅವರ ಕಡೆ ಬರೀ ನೋಡಿದರು. ಮೇಷ್ಟ್ರು ನೀರು ಕುಡಿದರು.

ಶ್ವೇತ ಲ್ಯಾಪ್‌ಟಾಪಿನಲ್ಲಿ ಅಜ್ಜಿ ಎಂದಿದ್ದ ಕಡೆಯೆಲ್ಲ ಚಿಕ್ಕಮುನಿಯಮ್ಮ ಎಂದು ಬದಲಾಯಿಸಲು ಒಂದು ಗುಂಡಿ ಒತ್ತಿದಳು. ಎಂಬತ್ತಾರು ಕಡೆ ಬದಲಾಯಿತು ಎಂದು ಪರದೆಯ ಮೇಲೆ ಬಂತು. ಮುನಿಆಂಜನಪ್ಪ ಕನ್ನಡಕ ಹಾಕಿಕೊಂಡು, ಸ್ಟೂಲಿನ ಮೇಲೆ ಹತ್ತಿ ಕೂತು, “ಒಂದೊಂದಾಗಿ ತೋರ್ಸು” ಎಂದರು. ಎಂಬತ್ತಾರನ್ನೂ ಓದಿಯೇ ಎದ್ದರು.